ಅಜ್ಜಿಯ ಆಸ್ತಿಯಲ್ಲಿ ಇಬ್ಬರಿಗೂ ಪಾಲು

“ಕೀಮೋ ಔಷಧಿ ನಿಮ್ಮ ಮೈಯಲ್ಲಿ ಬೇಗ ಕರಗಲ್ಲಮ್ಮ. ಪೂರ್ತಿ ಡೋಸ್ ಕೊಟ್ಟರೆ ಜೀವಕ್ಕೇ ಅಪಾಯ, ಕಡಿಮೆ ಕೊಡ್ತೀವಿ,” ಎಂದರು ಹೊಸಪೇಟೆಯ ಡಾಕ್ಟರು, ಅಮ್ಮನ ಜೀನ್ ಪರೀಕ್ಷೆಯ ವರದಿ ನೋಡುತ್ತಾ. ಜೀನಿನ ಈ ದೋಷ ತಂದೆಯಿಂದಲೋ ತಾಯಿಯಿಂದಲೋ ಬಂದಿರುತ್ತದೆ, ಒಡಹುಟ್ಟಿದವರಿಗೂ ಇರಬಹುದು, ತಿಳಿಸಿ ಎಂದರು.

ನಾನು ಡಾಕ್ಟರ ಮಾತನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಅಮ್ಮನ ಮುಖ ಮಾತ್ರ ಅರಳಿತು. ಅಜ್ಜಿಯ ಇಳಕಲ್ ಸೀರೆಯನ್ನು ಕಂಪ್ಲಿಯ ಚಿಕ್ಕಮ್ಮ ಒಯ್ದಂದಿನಿಂದ ಅಕ್ಕತಂಗಿಯರ ನಡುವೆ ಮಾತಿರಲಿಲ್ಲ. ಅಮ್ಮ ಆಸ್ಪತ್ರೆಯಿಂದಲೇ ಫೋನ್ ಹಚ್ಚಿದಳು.

“ಲೇ, ಅವ್ವನ ಸೀರಿ ನೀ ಒಯ್ದಿ. ಆಕಿ ರಕ್ತದಾಗಿನ ದೋಷ ನನ್ನ ಪಾಲಿಗೆ ಬಂದೈತಿ. ಇದರಾಗ ನಿನಗೂ ಪಾಲು ಇರಬೌದಂತ, ಡಾಕ್ಟರ್ ಹೇಳ್ಯಾರ!”

ದೋಷ ಅಜ್ಜನಿಂದಲೂ ಬಂದಿರಬಹುದೆಂಬ ಮಾತನ್ನು ಅಮ್ಮ ಜಾಣತನದಿಂದ ನುಂಗಿದ್ದಳು.

ಮೊದಲ ಕೀಮೋ ದಿನ ಕಂಪ್ಲಿ ಬಸ್ಸಿಳಿದು ಬಂದ ಚಿಕ್ಕಮ್ಮ, ಅಮ್ಮನ ಮಡಿಲಿಗೆ ಸೀರೆ ಹಾಕಿದಳು. “ತಗೋ ಅಕ್ಕ. ನಿನ್ನ ಪಾಲು ನನಗ ಬ್ಯಾಡ, ನನ್ನ ಪಾಲು ನೀ ಉಟ್ಕೋ,” ಎಂದು ಅತ್ತೇಬಿಟ್ಟಳು.

ಕಡಿಮೆ ಡೋಸಿನ ಕೀಮೋ ಅಂಥ ತ್ರಾಸು ಕೊಡದೆ ನಡೆದಿದೆ. ಸೀರೆ ಈಗ ಇಬ್ಬರ ಮನೆಗೂ ಓಡಾಡುತ್ತದೆ. ಒಗೆಯುವ ಸರದಿ ಬಂದಾಗ ಮಾತ್ರ ಇಬ್ಬರೂ ‘ಅದು ನಿಂದು’ ಎನ್ನುತ್ತಾರೆ.