ಏಳಕ್ಕೆ ಬಂದು ನಿಲ್ಲುವ ಸಂಖ್ಯೆ

ದೆಹಲಿಯ ಕಾಲೇಜಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ನೋಯ್ಡಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲೇ ಇದ್ದರು. ಕಾರಿನ ನಂಬರ್ ಪ್ಲೇಟು ಕಂಡರೂ ಕನ್ನಡಕವನ್ನು ಹಣೆಗೇರಿಸಿ, "ಅಚ್ಛಾ, ಭಾಗಿಸಿ ನೋಡೋಣ" ಅನ್ನುತ್ತಿದ್ದರು. ಅವರ ಅಚ್ಚುಮೆಚ್ಚಿನ ಸಂಖ್ಯೆ 73939133. ಅದು ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಕೊನೆಯ ಅಂಕೆಯನ್ನು ಅಳಿಸಿದರೆ ಉಳಿದದ್ದೂ ಅವಿಭಾಜ್ಯ. ಹೀಗೆ ಒಂದೊಂದೇ ಅಳಿಸುತ್ತ ಬಂದು ಬರೀ ಏಳು ಉಳಿದರೂ ಅವಿಭಾಜ್ಯವೇ. ಈ ಗುಣವುಳ್ಳ ಸಂಖ್ಯೆಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಬೋರ್ಡಿನ ಮೇಲೆ ಅದರ ಅಂಕೆಗಳನ್ನು ಅವರು ಡಸ್ಟರ್ ಮುಟ್ಟದೆ ಅಂಗೈಯಿಂದ ಮೆಲ್ಲಗೆ ಒರೆಸುತ್ತಿದ್ದರು.

ಸಕ್ಕರೆ ಕಾಯಿಲೆಗೆ ಮೊದಲು ಅವರ ಕಾಲ್ಬೆರಳುಗಳು ಹೋದವು, ಆಮೇಲೆ ಪಾದ. ಕಳೆದ ಚಳಿಗಾಲದಲ್ಲಿ ಡಾಕ್ಟರು ಮೊಣಕಾಲಿನವರೆಗೆ ತೆಗೆಯಲೇಬೇಕು ಎಂದರು. ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಿದ್ದೆ. ಹೇಗೆ ಸಮಾಧಾನ ಹೇಳಬೇಕೋ ತೋಚದೆ, "ಸರ್, ನೀವೂ ಆ ಸಂಖ್ಯೆ ಥರಾನೇ. ಎಷ್ಟು ತೆಗೆದ್ರೂ ನೀವು ನೀವೇ" ಅಂದೆ.

ಅವರು ತಲೆ ಅಲ್ಲಾಡಿಸಿದರು.

"ಇಲ್ಲಮ್ಮ, ಸಂಖ್ಯೆಗೆ ನೋವಾಗಲ್ಲ. ನಂಗೆ ಭಯ ಆಗ್ತಿದೆ."

ತರಗತಿಯಲ್ಲಿ ಯಾವತ್ತೂ ತಡವರಿಸದ ದನಿ ನಡುಗುತ್ತಿತ್ತು. ನಾನು ಅವರ ಕೈ ಹಿಡಿದುಕೊಂಡೆ. ಸಂಜೆ ಎಚ್ಚರವಾದಾಗ, ಕಣ್ಣು ಬಿಡುವ ಮೊದಲೇ, ಅವರ ಬೆರಳುಗಳು ಹಾಸಿಗೆಯ ಮೇಲೆ ನನ್ನ ಕೈಯನ್ನು ಹುಡುಕಿದವು.