ಆಷಾಢದ ಬೀರು, ಬಲಸೆರಗಿನ ಫೋಟೋ

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಹುಡುಗ ಸಿಗುವ ಮುಂಚೆ ಬೀರು ಬಂತು. ಎಪ್ಪತ್ತರ ದಶಕದ ನಡುಭಾಗ. ರಾಜಾಜಿನಗರದಲ್ಲಿ ಒಂದೇ ಕಾಂಪೌಂಡಿನೊಳಗೆ ಸಾಲಾಗಿದ್ದ ಮೂರು ಪೋರ್ಷನ್‌ಗಳಲ್ಲಿ ನಡುವಿನದು ನಮ್ಮದು. ನನಗೆ ಹತ್ತೊಂಬತ್ತು. ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅಣ್ಣ, ತಂಗಿಯ ಮದುವೆಗೆ ಕೊಡುವ ಸಾಮಾನಿನಲ್ಲಿ ಒಂದಾದರೂ ಮೊದಲೇ ಬಂದುಬಿಡಲಿ ಎಂದು ಕಬ್ಬಿಣದ ಬೀರು ಮಾಡಿಸಿದ್ದ. ಅದರ ಬಾಗಿಲಿಗೆ ಅಡಿಯಿಂದ ಮುಡಿಯವರೆಗೆ ಕನ್ನಡಿ. ಎಲ್ಲಾ ಸರಿ, ಗಾಡಿಯಲ್ಲಿ ಅದು ಮನೆ ಮುಂದೆ ಬಂದು ನಿಂತಾಗ ಆಷಾಢ ಶುರುವಾಗಿ ಎರಡು ದಿನವಾಗಿತ್ತು.

ಅಮ್ಮ ಹೊಸ್ತಿಲಿಗೆ ಅಡ್ಡ ನಿಂತಳು. “ಆಷಾಢದಲ್ಲಿ ಮದುವೆ ಸಾಮಾನು ಒಳಗೆ ಬರಕೂಡದು. ಅಲ್ಲೇ ಇಡ್ಸೋ.”

“ಅಮ್ಮಾ, ಅದೇನು ಮದುವಣಗಿತ್ತೀನಾ? ಕಬ್ಬಿಣ ಕಣಮ್ಮ!”

“ಕಬ್ಬಿಣಾನೇ ಆಗ್ಲಿ, ಬಂಗಾರಾನೇ ಆಗ್ಲಿ. ಶ್ರಾವಣ ಬರ್ಲಿ, ಅರಿಶಿನ ಕುಂಕುಮ ಇಟ್ಟು ಒಳಗೆ ತಗೊಳ್ಳೋಣ.”

ಅಮ್ಮನ ಮಾತೆಂದರೆ ಮಾತು. ಗಿರಣಿಯಿಂದ ಬಂದ ಅಪ್ಪ ಒಮ್ಮೆ ಬೀರು ನೋಡಿದರು, ಒಮ್ಮೆ ಅಮ್ಮನ ಮುಖ ನೋಡಿದರು, ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತರು. ಹೀಗೆ ನಮ್ಮ ಬೀರು ಮೂರು ಮನೆಗೂ ಸೇರಿದ ವರಾಂಡದಲ್ಲಿ ಗೋಣಿತಾಟು ಹೊದ್ದುಕೊಂಡು ಒಂದು ತಿಂಗಳು ನಿಂತಿತು.

ಮರುದಿನ ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ನಾನು ಗೋಣಿತಾಟು ಸರಿಸಿದೆ. ದೇವರಾಣೆಗೂ ಹೇಳುತ್ತೇನೆ, ಒಂದು ಹೆಜ್ಜೆ ಹಿಂದೆ ಸರಿದೆ. ಅದುವರೆಗೆ ನಮ್ಮ ಮನೆಯಲ್ಲಿದ್ದದ್ದು ಕಿಟಕಿಯ ಸರಳಿಗೆ ಕಟ್ಟಿದ ಅಂಗೈಯಗಲದ ಕನ್ನಡಿ. ಅದರಲ್ಲಿ ಹಣೆ ಕಂಡರೆ ಗಲ್ಲ ಕಾಣದು. ಇಲ್ಲಿ ಒಬ್ಬಳು ಹುಡುಗಿ ಪೂರ್ತಿ ನಿಂತಿದ್ದಳು. ತಲೆಯೂ ಇತ್ತು, ಪಾದವೂ ಇತ್ತು, ನಡುವೆ ಏನೂ ಬಿಟ್ಟುಹೋಗಿರಲಿಲ್ಲ. ನಾನು ಇಷ್ಟು ಎತ್ತರ ಇದ್ದೇನೆಂದು ಒಬ್ಬರಾದರೂ ಹೇಳಬಾರದಿತ್ತೇ! ನೆರಿಗೆ ಪಾದದ ಮೇಲೆ ಬೀಳುವುದನ್ನು ಬಗ್ಗಿ ನೋಡುವುದೇ ಬೇರೆ, ಎದುರಿನಿಂದ ನೋಡುವುದೇ ಬೇರೆ. ಹಾಲು ಉಕ್ಕಿ ವಾಸನೆ ಬರುವವರೆಗೆ ಅಲ್ಲೇ ನಿಂತಿದ್ದೆ.

ಸುದ್ದಿ ಎಷ್ಟು ಹೊತ್ತು ಗುಟ್ಟಾಗಿರುತ್ತದೆ? ಮಧ್ಯಾಹ್ನದೊಳಗೆ ಕಾಂಪೌಂಡಿನ ಹೆಂಗಸರೆಲ್ಲಾ ಒಬ್ಬೊಬ್ಬರಾಗಿ ಬಂದು ತಮ್ಮ ದರ್ಶನ ತಾವೇ ಮಾಡಿಕೊಂಡರು. ಮುಂದಿನ ಪೋರ್ಷನ್ನಿನಲ್ಲಿದ್ದ ಮನೆ ಓನರಮ್ಮ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಸೊಂಟದ ಮೇಲೆ ಕೈಯಿಟ್ಟರು. “ಅಯ್ಯೋ ಶಿವನೇ, ನಾನು ಇಷ್ಟು ದಪ್ಪಾನೇನೇ? ನಮ್ಮನೆಯವರು ಒಂದಿನಾನೂ ಬಾಯಿ ಬಿಡ್ಲಿಲ್ವಲ್ಲೇ!”

ಅಮ್ಮ ಮಾತ್ರ ನಾನು ಕನ್ನಡಿಯ ಮುಂದಿದ್ದಾಗ ಆ ಕಡೆ ಬರುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ಎಡಗೆನ್ನೆ. ನಾನು ನಾಲ್ಕು ವರ್ಷದವಳಿದ್ದಾಗ ಅಮ್ಮ ಅನ್ನ ಬಸಿಯುತ್ತಿದ್ದಳಂತೆ. ನಾನು ಹಿಂದಿನಿಂದ ಓಡಿಬಂದು ಅವಳ ಸೊಂಟ ತಬ್ಬಿದೆನಂತೆ. ಕುದಿಯುವ ಗಂಜಿ ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಇಳಿಯಿತು. ಕಣ್ಣು ಉಳಿದದ್ದೇ ದೊಡ್ಡದು. ಇದೆಲ್ಲ ನನಗೆ ಗೊತ್ತಾದದ್ದು ಅಣ್ಣನಿಂದ. ಅಮ್ಮ ಆ ಕಲೆಯ ಬಗ್ಗೆ ಹದಿನೈದು ವರ್ಷ ತುಟಿಪಿಟಿಕ್ಕೆನ್ನಲಿಲ್ಲ. ದಿನಾ ಸಂಜೆ ಪೌಡರ್ ಡಬ್ಬಿ ತೆಗೆದು ಮೊದಲು ಆ ಕೆನ್ನೆಗೇ ದಪ್ಪಗೆ ಒತ್ತುತ್ತಿದ್ದಳು, ಅದೂ ಪಫ್‌ನಿಂದ. ಬರಿಗೈಯಲ್ಲಿ ಮುಟ್ಟಿದವಳಲ್ಲ.

ಫೋಟೋ ತೆಗೆಯುವವರದ್ದೂ ಅದೇ ಪಾಠ. ಮೇನ್ ರೋಡಿನ ಸ್ಟುಡಿಯೋದವರು ನನ್ನ ಗಲ್ಲ ಹಿಡಿದು, “ಸ್ವಲ್ಪ ಈ ಕಡೆ ತಿರುಗಮ್ಮ, ಇನ್ನೂ ಸ್ವಲ್ಪ” ಎಂದು ಬಲಗೆನ್ನೆಯನ್ನು ದೀಪಕ್ಕೆ ಒಡ್ಡಿಸಿದ್ದರು. ಸಾಲದೆಂದು ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ, ಉಳಿದ ಕಲೆಯನ್ನೂ ಅಳಿಸಿಬಿಟ್ಟಿದ್ದರು. ಫೋಟೋದಲ್ಲಿದ್ದವಳ ಮುಖ ಸುಲಿದ ಬಾಳೆಹಣ್ಣಿನ ಹಾಗಿತ್ತು. ಬೀರು ಬರುವ ಎರಡು ತಿಂಗಳ ಮುಂಚೆ ಆ ಫೋಟೋ ನೋಡಿ ಚಿತ್ರದುರ್ಗದ ಕಡೆಯವರು ಹೆಣ್ಣು ನೋಡಲು ಬಂದಿದ್ದರು. ಹುಡುಗನ ತಾಯಿ ಫೋಟೋವನ್ನು ನನ್ನ ಮುಖದ ಪಕ್ಕ ಹಿಡಿದು, ತರಕಾರಿ ಆರಿಸುವವರ ಹಾಗೆ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು.

“ಇದರಲ್ಲಿ ಹಿಂಗಿಲ್ಲವಲ್ಲ?”

“ಮೊನ್ನೆ ಒಗ್ಗರಣೆ ಎಣ್ಣೆ ಹಾರ್ತು,” ಅಂದಳು ಅಮ್ಮ. “ವಾಸಿಯಾಗತ್ತೆ.”

ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಕೈಯಲ್ಲಿದ್ದ ತಟ್ಟೆ ನಡುಗುತ್ತಿತ್ತು. ನನ್ನ ನಾಲಗೆ ಸುಮ್ಮನಿರುವ ಜಾತಿಯದಲ್ಲ. “ಮೊನ್ನೆ ಅಲ್ಲ, ಹದಿನೈದು ವರ್ಷ ಆಯ್ತು. ವಾಸಿಯಾಗಿರೋದೇ ಹಿಂಗೆ” ಅಂದುಬಿಟ್ಟೆ. ಅವರು ಕೇಸರಿಬಾತು ತಿಂದು, ಊರಿಗೆ ಹೋಗಿ ಕಾಗದ ಹಾಕುತ್ತೇವೆಂದು ಎದ್ದರು. ಯಾವ ಕಾಗದ, ಯಾವ ಊರು! ಅಮ್ಮ ಮೂರು ದಿನ ನನ್ನೊಡನೆ ಮಾತಾಡಲಿಲ್ಲ.

ಈಗ ತಿಪಟೂರಿನ ಕಡೆಯವರೊಬ್ಬರು, “ಶ್ರಾವಣಕ್ಕೆ ಹುಡುಗಿಯ ಫೋಟೋ ಕಳಿಸಿ, ನಿಂತಿರುವ ಫೋಟೋನೇ ಬೇಕು” ಎಂದು ನಮಗೆ ಹೇಳಿಕಳಿಸಿದ್ದರು. ಅಮ್ಮ ಮತ್ತೆ ಸ್ಟುಡಿಯೋ ಅಂದಳು. ನಾನು ಸಾಧ್ಯವೇ ಇಲ್ಲ ಅಂದೆ. ಪೆನ್ಸಿಲ್ ಹಚ್ಚಿದ ಮುಖ ಹೊತ್ತು ಇನ್ನೊಂದು ಮನೆಯವರ ಮುಂದೆ ಕೂರಲಾರೆ, ಅಮ್ಮನ ತಟ್ಟೆ ಇನ್ನೊಮ್ಮೆ ನಡುಗುವುದನ್ನು ನೋಡಲಾರೆ. ಜಗಳವಾಡಿ ಆಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮನೆಯಲ್ಲೇ ತೆಗೆದ ಫೋಟೋ ನೋಡುವಂತಿದ್ದರೆ ಅದನ್ನೇ ಕಳಿಸುವುದು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಸ್ಟುಡಿಯೋಗೆ ಹೋಗುವುದು.

ಅಣ್ಣ ಗೆಳೆಯನೊಬ್ಬನಿಂದ ಡಬ್ಬಿ ಕ್ಯಾಮೆರಾ ತಂದ. ರೋಲಿನಲ್ಲಿ ಎರಡು ಫೋಟೋ ಉಳಿದಿದ್ದವು. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಿ, ಕಡ್ಡಿ ಒತ್ತಬೇಕು. “ನಾನೇ ತೆಗೀತೀನಿ ನಿಂತ್ಕೊಳೇ,” ಅಂದ. ನಿಂತೆ. ಅವನೂ ಒಡನೆ ಕೈ ಅಲ್ಲಾಡಿಸಿದ: “ಸ್ವಲ್ಪ ಆ ಕಡೆ ತಿರುಗು.”

ನನ್ನ ಒಡಹುಟ್ಟಿದ ಅಣ್ಣ! ಕ್ಯಾಮೆರಾ ಕಿತ್ತುಕೊಂಡೆ. ನನ್ನ ಫೋಟೋ ಯಾರು ತೆಗೆದರೂ ನನ್ನನ್ನು ತಿರುಗಿಸಿಯೇ ತೀರುತ್ತಾರೆ, ಹಾಗಾದರೆ ನಾನೇ ತೆಗೆದುಕೊಳ್ಳುವುದೆಂದು ಆ ಕ್ಷಣದಲ್ಲೇ ತೀರ್ಮಾನವಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡದಿರಬಹುದು, ನನ್ನ ಕೆನ್ನೆಗೆ ಬೇಕಿತ್ತು. ಬೀರುವಿನ ಗೋಣಿತಾಟು ತೆಗೆದೆ.

“ಎಂಟು ಅಡಿ ದೂರ ಇರ್ಬೇಕು ಕಣೇ, ಇಲ್ಲಾಂದ್ರೆ ಮಸುಕಾಗತ್ತೆ. ಈ ವರಾಂಡ ಇರೋದೇ ಐದಡಿ,” ಎಂದು ಅಣ್ಣ ಗೊಣಗಿದ. ನಾನು ಕನ್ನಡಿಯ ಹತ್ತಿರ ಹೋದೆ, ಒಳಗಿನವಳೂ ಹತ್ತಿರ ಬಂದಳು. ಹಿಂದೆ ಸರಿದೆ, ಅವಳೂ ಅಷ್ಟೇ ಹಿಂದೆ ಸರಿದಳು. ನಾನು ಈಚೆ ನಾಲ್ಕಡಿ ನಿಂತರೆ ಅವಳು ಆಚೆ ನಾಲ್ಕಡಿ. ಒಟ್ಟು ಎಂಟಾಯಿತಲ್ಲ! ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುವ ಅಣ್ಣ ಬಾಯಿ ಬಿಟ್ಟುಕೊಂಡು ನಿಂತ. ನಮ್ಮ ಇಕ್ಕಟ್ಟಿನ ವರಾಂಡದೊಳಗೆ ಯಾರೂ ಬಾಡಿಗೆಗೆ ಕೊಡದ ಇನ್ನೊಂದು ವರಾಂಡ ಇತ್ತು.

ಸ್ಟುಡಿಯೋದಲ್ಲಿ ತೊಳೆದು ಬಂದ ಫೋಟೋಗಳನ್ನು ನೋಡಿ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಮೊದಲನೆಯದರಲ್ಲಿ ನಾನು ಬಗ್ಗಿ ಗಾಜು ನೋಡುತ್ತಿದ್ದೆನಾದ್ದರಿಂದ ಮುಖದ ಬದಲು ಬೈತಲೆ ಬಂದಿತ್ತು. ಎರಡನೆಯದರಲ್ಲಿ ಮುಖ ಬಂದಿತ್ತು, ಆದರೆ ಕ್ಯಾಮೆರಾ ನೆರಿಗೆಯನ್ನೆಲ್ಲಾ ಮುಚ್ಚಿ, ಹಿಂದೆ ಅಣ್ಣನ ಸೈಕಲ್ಲು, ಒಣಹಾಕಿದ ಲಂಗ ಎಲ್ಲಾ ಬಂದು ಕೂತಿದ್ದವು. ಓನರಮ್ಮ ಕನ್ನಡಕ ಹಾಕಿಕೊಂಡು ಬೇರೆಯದನ್ನೇ ಕಂಡುಹಿಡಿದರು.

“ಇದೇನೇ ಬಲಸೆರಗು? ಸೇಟುಗಳ ಮನೆಯವರ ಥರ!”

ಹೌದು, ಸೆರಗು ಬಲಭುಜದ ಮೇಲಿತ್ತು. ಕನ್ನಡಿ ಎಡವನ್ನು ಬಲ ಮಾಡಿತ್ತು. “ಇದನ್ನ ಕಳಿಸಿದ್ರೆ ನಮ್ಮ ಪದ್ಧತಿಯವರೇ ಅಲ್ಲ ಅಂತ ಹಿಂದಕ್ಕೆ ಅಟ್ತಾರೆ. ಸ್ಟುಡಿಯೋಗೆ ನಡಿ,” ಅಂದಳು ಅಮ್ಮ. ಕೆನ್ನೆಯ ಬಗ್ಗೆ ಒಂದು ಮಾತಿಲ್ಲ. ಅವಳು ಅಲ್ಲಿ ನೋಡಿಯೇ ಇರಲಿಲ್ಲ.

“ಇನ್ನೊಂದು ಸಲ,” ಅಂದೆ. “ಒಂದೇ ಒಂದು ಸಲ.”

ಅಣ್ಣ ಗೊಣಗುತ್ತಲೇ ಹೊಸ ರೋಲು ತಂದ. ಈ ಸಲ ನಾನು ಅವಸರ ಮಾಡಲಿಲ್ಲ. ನಾಲ್ಕು ದಿನ ಬೆಳಕು ನೋಡಿದೆ. ಬಿಸಿಲು ಬಿದ್ದರೆ ಮೂಗಿನ ನೆರಳು ಮೀಸೆಯಾಗುತ್ತಿತ್ತು. ಆಷಾಢದ ಮೋಡ ಕವಿದ ಹತ್ತು ಗಂಟೆಗೆ ಮುಖವೆಲ್ಲ ಒಂದೇ ಸಮ ತಿಳಿಯಾಗಿ ಕಾಣುತ್ತಿತ್ತು. ಹಿಂದಿನ ಸೈಕಲ್ಲು ಮರೆಯಾಗಲೆಂದು ಅಪ್ಪನ ಬಿಳಿ ಪಂಚೆ ಕಟ್ಟಿದೆ. ಕ್ಯಾಮೆರಾವನ್ನು ಪಕ್ಕದಲ್ಲಿ ಸ್ಟೂಲಿನ ಮೇಲಿಟ್ಟು, ಕಸೂತಿ ಬಟ್ಟೆ ಹೊದಿಸಿ, ಅದರ ಕಣ್ಣೊಂದನ್ನು ಮಾತ್ರ ಹೊರಗೆ ಬಿಟ್ಟೆ. ಆ ಡಬ್ಬಿಯನ್ನು ನೋಡಿದವರು ರೇಡಿಯೋ ಅಂದುಕೊಳ್ಳಬೇಕು, ಹಾಗೆ.

ಆಮೇಲೆ ಅಮ್ಮನ ಹಸಿರು ರೇಷ್ಮೆ ಸೀರೆಯನ್ನು ಉಲ್ಟಾ ಉಟ್ಟೆ. ನೆರಿಗೆ ಆ ಕಡೆಗೆ, ಸೆರಗು ಬಲಭುಜಕ್ಕೆ, ಕೈಗಡಿಯಾರ ಬಲಗೈಗೆ. ಅಬ್ಬಬ್ಬಾ, ಅದೇನು ಸುಲಭವೇ! ಐದು ವರ್ಷದಿಂದ ಸೀರೆ ಉಡುತ್ತಿದ್ದ ಕೈಗಳು ನಿಮಿಷಕ್ಕೊಮ್ಮೆ ಹಳೆಯ ದಾರಿಗೇ ಹೋಗುತ್ತಿದ್ದವು. ಮೂರು ಸಲ ಬಿಚ್ಚಿ ನಾಲ್ಕನೆಯ ಸಲ ನೆಟ್ಟಗಾಯಿತು. ಓನರಮ್ಮ ನೋಡಿ, “ಹುಡುಗಿಗೆ ತಲೆ ಕೆಟ್ಟಿತು” ಎಂದರು. ನಾನು ಕನ್ನಡಿಯ ಮುಂದೆ ನಿಂತೆ. ಈಚೆ ಎಲ್ಲಾ ತಿರುವುಮುರುವು, ಆಚೆ ಎಲ್ಲಾ ಸರಿ. ಓನರಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು, “ಲೇ, ಇವಳು ಮಾಟಗಾತಿ ಕಣೇ!” ಎಂದು ಒಳಗಿದ್ದ ಅಮ್ಮನಿಗೆ ಕೂಗಿ ಹೇಳಿದರು.

ನೆಟ್ಟಗೆ ಕನ್ನಡಿಯನ್ನೇ ನೋಡಿದೆ. ಯಾರೂ ತಿರುಗು ಅನ್ನಲಿಲ್ಲ. ಉಸಿರು ಬಿಗಿಹಿಡಿದು, ಕೈ ಚಾಚಿ ಕಡ್ಡಿ ಒತ್ತಿದೆ. ಟಕ್.

ಉಳಿದ ಹನ್ನೊಂದು ಫೋಟೋ ಕಾಂಪೌಂಡಿನ ಪಾಲಾದವು. ಓನರಮ್ಮ ಬೀಗರ ಮನೆಗೆ ಹೋಗುವ ಸೀರೆಯುಟ್ಟು ಬಂದು, ಗಂಡನನ್ನು ಆಚೆ ಕಳಿಸಿ, ತಮ್ಮ ಕೈಯಾರೆ ಕಡ್ಡಿ ಒತ್ತಿದರು. ಒಬ್ಬೊಬ್ಬರೂ ಒತ್ತುವ ಮುಂಚೆ ಕನ್ನಡಿಯೊಳಗಿನ ತಮ್ಮನ್ನು ತಾವೇ ಒಂದು ಗಳಿಗೆ ಸುಮ್ಮನೆ ನೋಡುತ್ತಿದ್ದರು. ದಿನವಿಡೀ ವಟವಟ ಅನ್ನುತ್ತಿದ್ದ ಆ ಹೆಂಗಸರು ಅಷ್ಟು ಗಂಭೀರವಾಗಿ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಸ್ಟುಡಿಯೋದವರು ನೆಗೆಟಿವ್ ಎತ್ತಿ ಹಿಡಿದು, “ಕೆನ್ನೆ ಮೇಲೆ ಪೆನ್ಸಿಲ್ ಆಡಿಸ್ಲಾಮ್ಮ?” ಅಂದರು. “ಮುಟ್ಟಬೇಡಿ” ಅಂದೆ. ನೆಗೆಟಿವ್ ತಿರುಗಿಸಿಟ್ಟು ಪ್ರಿಂಟ್ ಹಾಕಿದ್ದರೆ ಮೊದಲ ಸಲವೇ ಸೆರಗು ಸರಿಹೋಗುತ್ತಿತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಯಾರೂ ಹೇಳದಿದ್ದದ್ದೇ ಒಳ್ಳೆಯದಾಯಿತು.

ಶ್ರಾವಣದ ಮೊದಲ ಶುಕ್ರವಾರ ಬೀರು ಅರಿಶಿನ ಕುಂಕುಮ ಇಡಿಸಿಕೊಂಡು ಒಳಗೆ ಬಂತು. ಅಂದೇ ಫೋಟೋ ಅಮ್ಮನ ಕೈಗೆ ಕೊಟ್ಟೆ. ಅವಳು ಸೆರಗು ನೋಡಿದಳು, ಎಡಭುಜದಲ್ಲಿತ್ತು. ನೆರಿಗೆ ನೋಡಿದಳು. ಬೇರೆ ದಾರಿಯಿಲ್ಲದೆ ಕೊನೆಗೆ ಮುಖ ನೋಡಿದಳು. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದಳು.

“ಇದ್ಯಾಕೆ... ಇದು ಈ ಕೆನ್ನೆಗೆ ಬಂದಿದೆ?”

ಸೀರೆ ತಿರುಗಿಸಿ ಉಡಬಹುದು, ಗಡಿಯಾರ ಈ ಕೈಯಿಂದ ಆ ಕೈಗೆ ಕಟ್ಟಬಹುದು. ಕಲೆಯನ್ನು ಎಲ್ಲಿಗೆ ಎತ್ತಿಡುವುದು? ಅದು ಕನ್ನಡಿಯಲ್ಲಿ ಕಂಡ ಹಾಗೆಯೇ ಬಲಗೆನ್ನೆಯಲ್ಲಿ ಉಳಿದಿತ್ತು. ನಾನು ಅಮ್ಮನ ಕೈ ಹಿಡಿದು ಬೀರುವಿನ ಮುಂದೆ ನಿಲ್ಲಿಸಿಕೊಂಡೆ. ಇಬ್ಬರೂ ಪೂರ್ತಿ ಕಂಡೆವು.

“ನಾನು ನೋಡ್ಕೊಳ್ಳೋದು ಹಿಂಗೇ ಅಮ್ಮ. ನಿಂಗೆ ಅದು ಆ ಕಡೆ. ನಂಗೆ ಯಾವತ್ತೂ ಈ ಕಡೆ.”

ಅಮ್ಮ ಕನ್ನಡಿಯೊಳಗೇ ನನ್ನನ್ನು ದಿಟ್ಟಿಸಿದಳು. “ದಿನಾ ನೋಡ್ಕೋತೀಯಾ?”

“ದಿನಾ.”

ಹದಿನೈದು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಆಗ ಕೇಳಿದಳು. “ನೋಡಿದಾಗ ಏನನ್ಸತ್ತೆ ಮಗಳೇ?”

“ಏನೂ ಅನ್ಸಲ್ಲಮ್ಮ. ನನ್ನ ಮುಖ ಅನ್ಸತ್ತೆ.”

ಅಮ್ಮ ಬರಿಗೈ ಎತ್ತಿ, ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳಗಿನಿಂದ ದವಡೆಯವರೆಗೆ ನಿಧಾನವಾಗಿ ಸವರಿದಳು. ನಾನು ಅತ್ತುಬಿಟ್ಟೆ. ಆಮೇಲೆ ಅವಳು ಅಣ್ಣನ ಪೆನ್ನು ಕೇಳಿ ಇಸಿದುಕೊಂಡು, ನೆಲದ ಮೇಲೆ ಕೂತು, ಫೋಟೋದ ಹಿಂದೆ ಏನೋ ಬರೆದು, ಲಕೋಟೆಗೆ ಹಾಕಿ ತಾನೇ ಅಂಟಿಸಿದಳು.

ತಿಪಟೂರಿನವರು ಒಪ್ಪಲಿಲ್ಲ. ಮದುವೆ ಎರಡು ವರ್ಷದ ಮೇಲೆ ಬೇರೆ ಕಡೆ ಆಯಿತು, ಬೀರೂ ನನ್ನ ಜೊತೆ ಬಂತು. ಒಪ್ಪದವರು ಫೋಟೋ ಹಿಂದಿರುಗಿಸುವುದು ಮರ್ಯಾದೆ. ಹಾಗಾಗಿ ಅದು ಇಂದಿಗೂ ನನ್ನ ಬಳಿ ಇದೆ. ಮುಂಭಾಗ ನನಗೆ ಬಾಯಿಪಾಠ. ನಾನು ತಿರುಗಿಸಿ ನೋಡುವುದು ಹಿಂಭಾಗವನ್ನು. ನಾಲ್ಕನೇ ಕ್ಲಾಸು ಓದಿದ ಅಮ್ಮನ ದುಂಡು ಅಕ್ಷರದಲ್ಲಿ ಅಲ್ಲಿ ಹೀಗಿದೆ: “ಹುಡುಗಿಯ ಎಡಗೆನ್ನೆಯಲ್ಲಿ ಸುಟ್ಟ ಕಲೆ ಇದೆ. ಅನ್ನ ಬಸಿಯುವಾಗ ನನ್ನ ಕೈಯಿಂದ ಆದದ್ದು. ಅವಳ ತಾಯಿ.”