ಕಾವಿಗಿಟ್ಟ ಒಂಬತ್ತು ನೀಲಿ ಮೊಟ್ಟೆ

ನೀಲಿ ಮೊಟ್ಟೆ ನೋಡಿದವರೆಲ್ಲ ಒಳಗೂ ನೀಲಿಯಾ ಎಂದು ಕೇಳುತ್ತಾರೆ. ಅಲ್ಲ. ಒಡೆದರೆ ಅದೇ ಬಿಳಿ, ಅದೇ ಹಳದಿ, ಬಾಣಲೆಯಲ್ಲಿ ಅದೇ ವಾಸನೆ. ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಈಗ ಯಾರಾದರೂ ಕೇಳಿದರೆ, ಹೂಂ, ಒಳಗೂ ನೀಲಿಯೇ ಎಂದುಬಿಡುತ್ತೇನೆ.

ಈ ಕೋಳಿಗಳ ಹುಚ್ಚು ನನ್ನ ಗಂಡನದು. ನಮ್ಮೂರು ಸೇಲಂ ಕಡೆ, ನಂಗವಳ್ಳಿ ಹತ್ತಿರ. ಓಮಲೂರಿನಲ್ಲಿ ಅವರಿಗೆ ಮೋಟಾರು ಕಾಯಿಲ್ ಸುತ್ತುವ ಅಂಗಡಿ ಇತ್ತು. ಮೊದಲು ಕರಿಕೋಳಿ ತಂದರು. ಪುಕ್ಕ, ಚರ್ಮ, ಮೂಳೆ ಎಲ್ಲ ಕಪ್ಪು. ಮೊಟ್ಟೆಯೂ ಕಪ್ಪಗಿರುತ್ತದೆ ಎಂದು ಊರಿಗೆಲ್ಲ ಸಾರಿಕೊಂಡು ಬಂದರು. ಅದು ನಾಟಿಕೋಳಿಯ ಹಾಗೆಯೇ ಮಾಸಲು ಬಣ್ಣದ ಮೊಟ್ಟೆ ಇಟ್ಟಾಗ ಎರಡು ದಿನ ಅದರ ಮುಖ ನೋಡಲಿಲ್ಲ. ಆಮೇಲೆ ತೂತು ಹೊಡೆದ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನೀಲಿ ಮೊಟ್ಟೆಯ ಜಾತಿ ತಂದರು. ಎರಡು ಹೇಟೆ, ಒಂದು ಹುಂಜ.

"ಇವುಕ್ಕೆ ಮರಿ ಆಗ್ಲಿ. ಆ ಹುಂಜಾನ ಕಂದು ಮೊಟ್ಟೆ ಕೋಳಿ ಜೊತೆ ಬಿಟ್ರೆ, ಅದ್ರ ಮರಿ ಪಚ್ಚೆ ಮೊಟ್ಟೆ ಇಕ್ತದೆ, ನೋಡ್ತಾ ಇರು," ಅಂದರು.

"ನಿಮಗೆ ಮಾಡಾಕೆ ಬೇರೆ ಕೆಲ್ಸ ಇಲ್ವಾ?" ಅಂದೆ. ಅವರು ನಕ್ಕರು.

ನೀಲಿ ಹೇಟೆಗಳು ಕಾವಿಗೆ ಕೂರಲಿಲ್ಲ. ಹಾಗಾಗಿ ಒಂಬತ್ತು ಮೊಟ್ಟೆಗಳನ್ನು ಹುಲ್ಲು ಹಾಸಿದ ಪುಟ್ಟಿಯಲ್ಲಿ ನಾಟಿಕೋಳಿಯ ಕೆಳಗಿಟ್ಟರು. ಬೇರೆ ಕೋಳಿ ಬಂದು ಹೊಸ ಮೊಟ್ಟೆ ಇಟ್ಟರೆ ಗುರುತು ಸಿಗಲಿ ಎಂದು ಒಂದೊಂದರ ಮೇಲೂ ಇದ್ದಿಲಿನಿಂದ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದರು. ಗುಡುಗಿಗೆ ಮರಿ ಕೆಡಬಾರದೆಂದು ಹುಲ್ಲಿನೊಳಗೆ ಕಬ್ಬಿಣದ ಮೊಳೆ ಸಿಕ್ಕಿಸಿದರು. ನಮ್ಮ ಕಡೆ ಎಲ್ಲರೂ ಮಾಡುವುದೇ ಇದು. ಪುಟ್ಟಿಯನ್ನು ಉಗ್ರಾಣದ ಮೂಲೆಗೆ ಸರಿಸಿದರು.

ಹತ್ತನೇ ದಿನ ಅಂಗಡಿಯಲ್ಲಿ ಕೂತಿದ್ದವರು ಹಾಗೆಯೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ನನಗೆ ಅಳು ಬರಲಿಲ್ಲ. ಬಂದವರು ಅಳು, ಅತ್ತುಬಿಡು ಎಂದು ಬೆನ್ನು ತಟ್ಟಿದರು. ಅವರ ಕೈ ಯಾರದೋ ಬೆನ್ನಿನ ಮೇಲೆ ಬೀಳುತ್ತಿದ್ದ ಹಾಗಿತ್ತು. ಕೊಟ್ಟ ಕಾಪಿ ಕುಡಿದೆ, ಕೂರು ಅಂದಲ್ಲಿ ಕೂತೆ. ದಿನಕ್ಕೊಮ್ಮೆ ಉಗ್ರಾಣಕ್ಕೆ ಹೋಗಿ ಕೋಳಿಗೆ ನೀರು, ನುಚ್ಚು ಇಟ್ಟು ಬರುತ್ತಿದ್ದೆ. ಆ ಒಂಬತ್ತೂ ಮರಿಯಾಗಬೇಕು. ಬೇರೇನೂ ನನಗೆ ಬೇಕಿರಲಿಲ್ಲ.

ತಿಥಿಯ ಹಿಂದಿನ ದಿನ ಮನೆ ತೊಳೆಯುತ್ತಿದ್ದರು. ಮರಿಯಾಗಲು ಇನ್ನೆರಡು ದಿನ ಇತ್ತು. ಕೋಳಿ ಮಣ್ಣು ಕೆದರಲು ಹಿತ್ತಿಲಿಗೆ ಹೋಗಿತ್ತು. ಸೇಲಂನಿಂದ ಬಂದಿದ್ದ ನಾದಿನಿ ಪುಟ್ಟಿ ಎಳೆದಳು. ಟ್ರೇಗಟ್ಟಲೆ ಬಿಳಿ ಮೊಟ್ಟೆ ಕೊಳ್ಳುವವಳು ಅವಳು, ನೀಲಿಯದು ಕಂಡಿರಲಿಲ್ಲ. ನೀಲಿ ಮೊಟ್ಟೆ, ಕರಿ ಗೆರೆ, ಕಬ್ಬಿಣದ ಮೊಳೆ, ಸತ್ತ ಮನೆ. ಪುಟ್ಟಿಯನ್ನು ಅಲ್ಲೇ ಬಿಟ್ಟು ಹಿಂದೆ ಸರಿದಳು.

"ಸೂನಿಯಂ ವೆಚ್ಚಿರುಕ್ಕಾಂಗ," ಅಂದಳು ತಮಿಳಿನಲ್ಲಿ. ಆಮೇಲೆ ತಾಯಿಯ ಕಡೆ ತಿರುಗಿ, "ಅವ್ವಾ, ಅಣ್ಣಂಗೆ ಯಾರೋ ಮಾಟ ಮಾಡ್ಸವ್ರೆ. ನೋಡು ಇಲ್ಲಿ."

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಮುಖ ನೋಡಿದರು. ನಾನೂ ನೋಡಿದೆ. ಇಬ್ಬರೂ ಮಾತಾಡಲಿಲ್ಲ.

ನಾದಿನಿ ಮೊಟ್ಟೆಗಳನ್ನು ಮೊರಕ್ಕೆ ಹಾಕಿ, ಮೇಲೆ ಬೇವಿನ ಸೊಪ್ಪು ಮುಚ್ಚಿ, ಮೂರು ದಾರಿ ಕೂಡುವಲ್ಲಿಗೆ ಹೋಗಿ ಎಸೆದು ಬಂದಳು. ಬರುವಾಗ ಅವಳ ತುಟಿ ಬಿಳಿಚಿತ್ತು. "ಮೊಟ್ಟೆ ಒಳಗಿಂದ ಕೀ ಕೀ ಅಂತು ಅತ್ಗೆ. ಏನೋ ಗಾಳಿ ಐತೆ ಅದ್ರಲ್ಲಿ. ಒಳ್ಳೇದಾಯ್ತು ಬಿಡು, ಓಯ್ತು," ಅಂದಳು.

ನಾನು ತಲೆ ಆಡಿಸಿದೆ. ಕೋಳಿ ವಾಪಸ್ಸು ಬಂದು ಬರಿ ಹುಲ್ಲಿನ ಮೇಲೆ ಕೂತಿತು. ಮೂರು ದಿನ ಕೂತಿತ್ತು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ನಾನೂ ಅತ್ತೆಯೂ ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದೆವು. ಅವರು ತಲೆ ಎತ್ತದೆ ಹೇಳಿದರು: "ಮಾಟ ಅಲ್ಲಾಂತ ನಂಗೊತ್ತಿತ್ತು ಕಣವ್ವ. ಗೆರೆ ಎಳ್ಯಾಕೆ ಇದ್ಲು ಕೊಟ್ಟೋಳೇ ನಾನು."

"ಮತ್ಯಾಕೆ ಸುಮ್ಕಿದ್ರಿ?"

"ಯಾರೋ ಮಾಡ್ಸವ್ರೆ ಅಂದ್ರೆ ಬೈಯಾಕೆ ಒಬ್ರು ಸಿಕ್ತಾರೆ. ನನ್ ಮಗ ಸುಮ್ಸುಮ್ನೆ ಓದ ಅಂದ್ರೆ ಯಾರ್ನ ಬೈಯ್ಲಿ?" ಅಂದರು. ಇನ್ನೊಂದು ಹಿಡಿ ಕಾಯಿ ಎಳೆದುಕೊಂಡು, "ನಿಂಗೂ ಗೊತ್ತಿತ್ತಲ್ಲ. ನೀನ್ಯಾಕೆ ಬಾಯ್ ಬಿಡ್ಲಿಲ್ಲ?" ಎಂದು ಕೇಳಿದರು.

ನನಗೆ ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಗೊತ್ತಿಲ್ಲ. ಮೊಟ್ಟೆ ಹೋದ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಒಂದೇ ಒಂದು ಮಾತು ಸಾಕಿತ್ತು: ಅವು ನಮ್ಮ ಕೋಳಿಯ ಮೊಟ್ಟೆ.

"ಅಷ್ಟು ದಿನ ಮರಿ ಆಗೋದ್ನೇ ಕಾದಿದ್ದೆ ಅತ್ತೆ," ಅಂದೆ. "ಎಲ್ಡು ದಿನ ಐತೆ ಅನ್ನೋವಾಗ ಎದ್ರಿಕೆ ಆಯ್ತು. ಮರಿ ಆಚೆ ಬಂದಿದ್ರೆ, ಬನ್ರೀ, ನೋಡ್ಬನ್ರೀ ಅಂತ ಅವ್ರನ್ನ ಕೂಗ್ಬಿಡ್ತಿದ್ದೆ."